ಒಬ್ಬ ಪಿಚರ್‌ಗೆ ಮೂವತ್ತೆರಡು ಊಟ

ಶನಿವಾರ ಬೆಳಗಾಗುವ ಮೊದಲು ಜೋಸ್ಫಿನ್ ಮಾಡುವ ಕೆಲಸಗಳು ಇವು. ಮೂರೂ ಮುಕ್ಕಾಲಿಗೆ ಏಳುವುದು. ಅಲಾರ್ಮಿಗೆ ಗಂಡನ ನಿದ್ದೆ ಕೆಡದಂತೆ ಫೋನನ್ನು ದಿಂಬಿನಡಿಯಲ್ಲೇ ಅದುಮಿ ಹಿಡಿಯುವುದು. ಹಿಂದಿನ ದಿನ ರುಬ್ಬಿಟ್ಟ ಸಾನ್ನದ ಹಿಟ್ಟು ಉಬ್ಬಿದೆಯೇ ಎಂದು ನೋಡುವುದು. ಹದಿನಾರು ಜನರಿಗೆ ಇಡ್ಲಿಯಂಥ ಆ ಸಾನ್ನ ಬೇಯಿಸುವುದು, ಬೇಯುವಷ್ಟರಲ್ಲಿ ತಾರಸಿಯಿಂದ ಹದಿನಾರು ಜರ್ಸಿ ತಂದು ನಂಬರಿನ ಪ್ರಕಾರ ಮಡಚುವುದು. ಏಳನೇ ನಂಬರಿನವನಿಗೆ ಹನ್ನೊಂದರ ಜರ್ಸಿ ಸಿಕ್ಕಿದರೆ ತಂಡದ ಮನೋಬಲ ಕುಸಿಯುತ್ತದಂತೆ. ಐಸನ್ನು ಎರಡು ಕೂಲರಿಗೆ ತುಂಬುವುದು: ಒಂದು ಕುಡಿಯುವ ನೀರಿಗೆ, ಇನ್ನೊಂದು ಚೆಂಡೆಸೆಯುವ ಟ್ರೆವರನ ಭುಜಕ್ಕೆ. ಗಂಡ ರುಡೊಲ್ಫ್‌ನ ಟೋಪಿ ಹುಡುಕುವುದು. ಅದು ಪ್ರತಿ ವಾರವೂ ಅವನು ಇಟ್ಟಲ್ಲೇ ಇರುತ್ತದೆ. ಐದೂವರೆಗೆ ಅವನನ್ನು ಎಬ್ಬಿಸುವುದು. ಅವನು ಎದ್ದು ಮೈಮುರಿದು, "ಇವತ್ತು ಸಿಕ್ಕಾಪಟ್ಟೆ ಕೆಲಸ ಉಂಟು ಮಾರಾಯ್ತಿ" ಎನ್ನುತ್ತಾನೆ.

ರುಡೊಲ್ಫ್ ದುಬೈಯಿಂದ ಒಂದೂವರೆ ಗಂಟೆ ದಾರಿಯ ಮುಸಫ್ಫಾದ ಫ್ಯಾಬ್ರಿಕೇಶನ್ ಕಂಪನಿಯೊಂದರಲ್ಲಿ ಸ್ಟೋರ್ ಸೂಪರ್‌ವೈಸರ್. ಆ ಕಂಪನಿಯ ಅಮೆರಿಕನ್ ಸಾಹೇಬ ಊರಿಗೆ ಮರಳುವಾಗ ಎರಡು ವಸ್ತುಗಳನ್ನು ಇವನಿಗೆ ಬಿಟ್ಟು ಹೋಗಿದ್ದ: ಒಂದು ಸ್ಪ್ರಿಂಗ್ ಹೊರಬಂದ ಸೋಫಾ, ಒಂದು ಬೇಸ್‌ಬಾಲ್ ತಂಡ. ಸೋಫಾವನ್ನು ಜೋಸ್ಫಿನ್ ಹೊಲಿದು ಸರಿ ಮಾಡಿದಳು. ತಂಡವನ್ನು ರುಡೊಲ್ಫ್ ಸರಿ ಮಾಡುತ್ತಿದ್ದಾನೆ, ಆರು ವರ್ಷಗಳಿಂದ.

ನವೆಂಬರಿನಿಂದ ಮಾರ್ಚಿನವರೆಗೆ, ಬಿಸಿಲು ಮನುಷ್ಯರಂತೆ ವರ್ತಿಸುವ ತಿಂಗಳುಗಳಲ್ಲಿ, ಎಂಟು ತಂಡಗಳ ಒಂದು ಲೀಗ್ ಶನಿವಾರ ಬೆಳಿಗ್ಗೆ ಆಡುತ್ತದೆ. ಈ ವರ್ಷ ಮುಸಫ್ಫಾ ತಂಡಕ್ಕೆ ದೊಡ್ಡ ಚಿಂತೆ ಪಿಚರ್‌ಗಳದ್ದು. ಚೆಂಡು ಎಸೆಯುವ ಮೂವರಲ್ಲಿ ಒಬ್ಬನನ್ನು ಕಂಪನಿ ಮರುಭೂಮಿಯ ಸೈಟಿಗೆ ಕಳಿಸಿತು. ಇನ್ನೊಬ್ಬ ಬಹಳ ಜೋರಾಗಿ ಎಸೆಯುತ್ತಾನೆ. ಎಲ್ಲಿಗೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಉಳಿದವನು ಟ್ರೆವರ್, ಹೋಟೆಲಿನ ಫ್ರಂಟ್ ಡೆಸ್ಕಿನ ಇಪ್ಪತ್ತಾರರ ಯುವಕ. ಈಗ ಅವನ ಬಲಗೈ ಭುಜದಿಂದ ಮೇಲೇಳುವುದಿಲ್ಲ. ಅತಿಥಿಗಳಿಗೆ ಲಿಫ್ಟ್ ಎಲ್ಲಿದೆ ಎಂದು ಎಡಗೈಯಲ್ಲಿ ತೋರಿಸುತ್ತಾನೆ.

ಕಾರಣ ಜೋಸ್ಫಿನ್‌ಗೆ ಗೊತ್ತಿತ್ತು. ಅವಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿದವಳು. ಗಂಡನ ವೀಸಾದಲ್ಲಿ ಬಂದದ್ದರಿಂದ, ಇಲ್ಲಿನ ಲೈಸೆನ್ಸ್ ಇಲ್ಲದ್ದರಿಂದ, ಒಂಬತ್ತು ವರ್ಷಗಳಿಂದ ಒಂದು ಆಸ್ಪತ್ರೆಯಲ್ಲಿ ಫಿಸಿಯೋ ಸಹಾಯಕಿ. ಮೈದಾನದಲ್ಲಿ ಚಹಾ ಹಂಚುವಾಗ ಅವಳ ಪ್ಯಾಂಟಿನ ಬಲಕಿಸೆಯಲ್ಲಿ ಹುಣಸೆಬೀಜಗಳಿರುತ್ತವೆ. ಟ್ರೆವರ್ ಒಂದು ಚೆಂಡು ಎಸೆದರೆ ಒಂದು ಬೀಜ ಎಡಕಿಸೆಗೆ. ಎಪ್ಪತ್ತೈದು ಬೀಜ ದಾಟಿದರೆ ಭುಜಕ್ಕೆ ಅಪಾಯ ಎಂಬುದು ಅವಳ ಲೆಕ್ಕ. ಡಿಸೆಂಬರಿನಲ್ಲಿ ಒಂದು ದಿನ ನೂರಹದಿನೆಂಟು ಬೀಜ ದಾಟಿದವು.

"ಅವನಿಗೆ ಎರಡು ವಾರ ರೆಸ್ಟ್ ಕೊಡಿ" ಎಂದಿದ್ದಳು.

"ಜೋಸ್, ಇದು ಸ್ಟ್ರಾಟೆಜಿ. ನೀನು ಚಟ್ನಿ ನೋಡು" ಎಂದಿದ್ದ ರುಡೊಲ್ಫ್.

ಚಟ್ನಿ ಚೆನ್ನಾಗಿತ್ತು. ಭುಜ ಹೋಯಿತು.

ಲೀಗಿನ ನಿಯಮದ ಪ್ರಕಾರ ಜನವರಿ ಮುಗಿಯುವುದರೊಳಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಅದಕ್ಕೆ ಟ್ರೇಡ್ ಎನ್ನುತ್ತಾರೆ. ದುಬೈಯ ದೇರಾ ತಂಡದಲ್ಲಿ ಇಲ್ಯಾಸ್ ಎಂಬ ಒಳ್ಳೆಯ ಪಿಚರ್ ಇದ್ದ. ಹಾಗಾಗಿ ಜನವರಿಯ ಕೊನೆಯ ಭಾನುವಾರ ಸಂಜೆ ದೇರಾದ ಮ್ಯಾನೇಜರ್ ಅಬೂಬಕ್ಕರ್, ಖಲೀಫಾ ಸಿಟಿಯಲ್ಲಿದ್ದ ಇವರ ಮನೆಗೆ ಬಂದರು. ಒಂದು ವಿಲ್ಲಾವನ್ನು ಆರು ಹೋಳು ಮಾಡಿದ್ದರಲ್ಲಿ ಜೋಸ್ಫಿನ್‌ಳ ಸಂಸಾರದ್ದು ಒಂದು ಹೋಳು. ಅಬೂಬಕ್ಕರ್ ದೇರಾದಲ್ಲಿ ಸಾಂಬಾರ ಪದಾರ್ಥಗಳ ಸಗಟು ವ್ಯಾಪಾರಿ. ಚೌಕಾಸಿ ಅವರಿಗೆ ಉಸಿರಾಟದ ಹಾಗೆ.

"ಇಲ್ಯಾಸ್‌ನನ್ನು ನಮಗೆ ಕೊಡಿ, ನಮ್ಮ ಧನುಷ್‌ನನ್ನು ನೀವು ಇಟ್ಕೊಳ್ಳಿ" ಎಂದ ರುಡೊಲ್ಫ್. "ಅವನ ಹತ್ರ ಕೇಳಿ ಆಗಿದೆ, ಒಪ್ಪಿದ್ದಾನೆ."

"ಧನುಷ್ ಚೆಂಡು ಹಿಡೀತಾನಾ ಪೊರ್ಬುಗಳೇ, ಅಲ್ಲ ಚೆಂಡೇ ಅವನನ್ನು ಹಿಡೀಬೇಕಾ?" ಊರಿನ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ಅಬೂಬಕ್ಕರರ ರೂಢಿ.

"ಓಡ್ತಾನೆ, ಒಳ್ಳೆ ಓಡ್ತಾನೆ."

"ಓಡುವವರು ನಮ್ಮಲ್ಲೂ ಇದ್ದಾರೆ. ಮೇಲೆ ಏನಾದ್ರೂ ಹಾಕಿ."

ಜೋಸ್ಫಿನ್ ಚಹಾ ಮತ್ತು ಕ್ರಿಸ್ಮಸ್‌ನಿಂದ ಉಳಿಸಿಟ್ಟ ನೆವ್ರಿ ಕರಿಗಡುಬು ತಂದಿಟ್ಟಳು. ಅಬೂಬಕ್ಕರ್ ಒಂದು ಕಚ್ಚಿದರು, ಕಣ್ಣು ಮುಚ್ಚಿದರು, ತೆರೆದಾಗ ಅವರ ಮುಖದಲ್ಲಿ ವ್ಯಾಪಾರವಿತ್ತು.

"ಇದು ಬಾಯಮ್ಮ ಮಾಡಿದ್ದಾ? ನೋಡಿ, ನಮ್ಮ ಮನೆಯವಳು ಈ ಸೀಸನ್ ಅಡುಗೆ ಬಿಟ್ಟಿದ್ದಾಳೆ. ಹುಡುಗರು ಹೋಟೆಲ್ ಬಿರಿಯಾನಿ ತಿಂದು ಮೈದಾನದಲ್ಲಿ ಮಲಗ್ತಾರೆ."

"ಅಷ್ಟೇ ಅಲ್ವಾ ಅಬೂಬಕ್ಕರಾಕ" ಎಂದ ರುಡೊಲ್ಫ್, ತನ್ನ ಸ್ವಂತ ಕಿಡ್ನಿ ದಾನ ಮಾಡುವವನ ಔದಾರ್ಯದಿಂದ. "ಸೀಸನ್ ಮುಗಿಯುವವರೆಗೆ ನಿಮ್ಮ ಹದಿನಾರು ಜನರ ಶನಿವಾರದ ಊಟವೂ ನಮ್ಮ ಕಡೆಯಿಂದ."

"ಅಲ್ಲ, ಬೇಜಾರು ಮಾಡ್ಬೇಡಿ. ನಿಮ್ಮಲ್ಲಿ ಹಂದಿ ಮಾಡಿದ ಪಾತ್ರೆ…"

"ಹೊಸ ಪಾತ್ರೆ ತರ್ತೇನೆ. ಕೋಳಿ ನೀವು ಹೇಳಿದ ಅಂಗಡಿಯದ್ದೇ. ಬರುವ ಶನಿವಾರದಿಂದಲೇ ಶುರು."

"ಹಾಗಾದ್ರೆ ಖಲಾಸ್."

ಇಬ್ಬರೂ ಕೈ ಕುಲುಕಿದರು. ಪಾತ್ರೆ ಶುದ್ಧವಿರಬೇಕೆಂದು ಇಬ್ಬರಿಗೂ ಹೊಳೆದಿತ್ತು. ಪಾತ್ರೆಯ ಹಿಂದೆ ಒಬ್ಬಳು ನಿಲ್ಲಬೇಕು ಎಂಬುದು ಹೊಳೆಯಲಿಲ್ಲ. ಅವಳು ಟ್ರೇ ಹಿಡಿದು ಅಲ್ಲೇ ನಿಂತಿದ್ದಳು.

ಅಬೂಬಕ್ಕರ್ ಹೋದ ಮೇಲೆ ಹೇಳಿದಳು, "ಬರುವ ಶನಿವಾರ ನನ್ನ ಪರೀಕ್ಷೆ."

ಅದು ಲೈಸೆನ್ಸ್ ಪರೀಕ್ಷೆ; ದುಬೈಯಲ್ಲಿ, ಬೆಳಿಗ್ಗೆ ಎಂಟಕ್ಕೆ. ಏಳೂವರೆಗೆ ಅಲ್ಲಿರಬೇಕು. ಪಾಸಾದರೆ ಸಹಾಯಕಿ ಎಂಬ ಬಾಲ ಉದುರುತ್ತದೆ. ಹಿಂದೆ ಎರಡು ಸಲ ಅವಳು ದಿನಾಂಕ ಮುಂದೂಡಿದ್ದಳು, ಒಮ್ಮೆ ಸೆಮಿಫೈನಲ್ಲಿಗಾಗಿ, ಒಮ್ಮೆ ಸೆಮಿಫೈನಲ್ ಸೋತ ದುಃಖದ ಪಾರ್ಟಿಗಾಗಿ. ಮೂರನೆಯದಕ್ಕೆ ಅವಕಾಶವಿರಲಿಲ್ಲ. ಈ ಸಲ ತಪ್ಪಿದರೆ ಅರ್ಹತೆಯ ಅವಧಿ ಮುಗಿದು, ಕಾಲೇಜಿನ ಸರ್ಟಿಫಿಕೇಟುಗಳ ಪರಿಶೀಲನೆ ಮತ್ತೆ ಮೊದಲಿನಿಂದ ಶುರುವಾಗಬೇಕು.

"ಇನ್ನೊಮ್ಮೆ ಕೇಳಿ ನೋಡು, ಮುಂದೆ ಹಾಕ್ತಾರೆ" ಎಂದ ರುಡೊಲ್ಫ್. "ಟ್ರೇಡ್ ಮಾತ್ರ ಈ ತಿಂಗಳಿಗೆ ಬಂದ್."

"ಹಾಕುವುದಿಲ್ಲ. ನಾನು ಹೋಗ್ತೇನೆ. ಕಾರು ಬೇಕು."

"ಕಾರಿಲ್ಲದೆ ಬ್ಯಾಟು, ಕೂಲರು ಎಲ್ಲ ತಲೆಮೇಲೆ ಹೊತ್ಕೊಂಡು ಹೋಗುದಾ? ನೋಡುವ."

ಕರಾವಳಿಯ ಗಂಡಸು 'ನೋಡುವ' ಎಂದರೆ ಆ ವಿಷಯವನ್ನು ಇನ್ನು ಯಾರೂ ನೋಡುವುದಿಲ್ಲ ಎಂದೇ ಅರ್ಥ.

ಹದಿನಾಲ್ಕರ ಮಗಳು ಒಲಿವಿಯಾ ಫೋನಿನಿಂದ ತಲೆ ಎತ್ತದೆ ಹೇಳಿದಳು, "ಮಮ್ಮಿ, ಯು ಗಾಟ್ ಟ್ರೇಡೆಡ್. ಅಟ್ ಲೀಸ್ಟ್ ಧನುಷ್ ಅಂಕಲ್‌ನ ಹತ್ರ ಕೇಳಿದ್ರು."

ಬುಧವಾರ ಆಸ್ಪತ್ರೆಯ ಊಟದ ಬಿಡುವಿನಲ್ಲಿ ಒಂದು ಫೋನ್ ಬಂತು. ಅಬೂಬಕ್ಕರರ ಹೆಂಡತಿ ಬೀಪಾತುಮ್ಮ.

"ಬಾಯಮ್ಮ, ನಾನು ಇಳಿಸಿದ ಹೊರೆ ನಿಮ್ಮ ತಲೆಗೆ ಬಂತಂತೆ?"

"ಬಂತು. ನಿಮಗೇನು ಹುಷಾರಿಲ್ವಾ?"

"ಎಂತ ಹುಷಾರಿಲ್ಲ? ಎಲ್ಲ ಸರಿ ಉಂಟು. ಇವರು ಎಲ್ಲರ ಹತ್ರ ಏನು ಹೇಳಿದ್ದಾರೆ?"

"ನೀವು ಅಡುಗೆ ಬಿಟ್ಟಿದ್ದೀರಿ ಅಂತ."

"ಬಿಟ್ಟದ್ದು ಹೌದು. ನನ್ನ ಕೈ ಸೋತದ್ದಲ್ಲ, ನಾನು ನಿಲ್ಲಿಸಿದ್ದು. ಶನಿವಾರ ಶಾರ್ಜಾದಲ್ಲಿ ತಂಗಿ ಮನೆಗೆ ಹೋಗಿ ಮಲಗ್ತೇನೆ."

"ಅವರು ಏನೂ ಹೇಳಲಿಲ್ವಾ?"

"ಹೇಳಿದ್ರು. ಅವರು ಹೇಳುವಾಗ ನಾನು ಶಾರ್ಜಾದಲ್ಲಿದ್ದೆ." ಬೀಪಾತುಮ್ಮ ನಕ್ಕರು. "ಒಂದು ಮಾತು ಬಾಯಮ್ಮ. ಮೊದಲನೇ ಶನಿವಾರ ಮಾಡಿಕೊಟ್ರೆ, ಎರಡನೆಯದ್ದಕ್ಕೆ ಅದು ಸಂಪ್ರದಾಯ ಆಗ್ತದೆ."

ಶುಕ್ರವಾರ ಮಧ್ಯಾಹ್ನಕ್ಕೇ ರುಡೊಲ್ಫ್‌ನ ಕೆಲಸ ಮುಗಿಯಿತು. ಮಗುವನ್ನು ಕೂರಿಸಿ ಮೀಯಿಸುವಷ್ಟು ದೊಡ್ಡ ಪಾತ್ರೆ, ಹದಿನಾಲ್ಕು ಕಿಲೋ ಕೋಳಿ, ಒಂದು ಚೀಲ ಈರುಳ್ಳಿ. "ಎಲ್ಲಾ ನಾನೇ ತಂದಾಯ್ತು, ಇನ್ನು ನಿನಗೆ ಬೇಯಿಸುದು ಮಾತ್ರ" ಎಂದ. ಸಂಜೆ ಬ್ಯಾಟುಗಳು, ಗ್ಲೌಸುಗಳು, ಚೆಂಡಿನ ಬಕೆಟ್ಟು, ರಬ್ಬರಿನ ಬೇಸುಗಳು ಎಲ್ಲವನ್ನೂ ಕಾರಿನ ಡಿಕ್ಕಿಗೆ ತುಂಬಿಸಿದ. ಬೆಳಿಗ್ಗೆ ಗಡಿಬಿಡಿ ಆಗಬಾರದಲ್ಲ. ಪರೀಕ್ಷೆಗೂ ಅವನೊಂದು ಉಪಾಯ ಹುಡುಕಿದ್ದ. ಅವಳು ಎರಡು ಗಂಟೆಗೆ ಎದ್ದರೆ ಆರಕ್ಕೆ ಅಡುಗೆ ಮುಗಿಯುತ್ತದೆ. ಮತ್ತೆ ಬಸ್ಸಿನಲ್ಲಿ ಆರಾಮವಾಗಿ ಹೋಗಬಹುದು. ಬಸ್ಸು ದುಬೈ ತಲುಪುವ ಹೊತ್ತಿಗೆ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿರುತ್ತದೆ ಎಂಬ ಸಣ್ಣ ತೊಡಕನ್ನು ಬಿಟ್ಟರೆ ಉಪಾಯ ಚೆನ್ನಾಗಿತ್ತು.

ಜೋಸ್ಫಿನ್ ಮೂರೂ ಮುಕ್ಕಾಲಿಗೇ ಎದ್ದಳು. ಅಲಾರ್ಮನ್ನು ಅಭ್ಯಾಸದಿಂದ ದಿಂಬಿನಡಿ ಅದುಮಿದಳು. ಅಡುಗೆಮನೆಯಲ್ಲಿ ಹೊಸ ಪಾತ್ರೆಯ ಮೇಲೆ ಸ್ಟಿಕ್ಕರ್ ಇನ್ನೂ ಹಾಗೇ ಇತ್ತು. ಅದನ್ನು ಕೀಳಬೇಕು, ಅಂಟು ಹೋಗಲು ಎಣ್ಣೆ ಹಚ್ಚಿ ಉಜ್ಜಬೇಕು ಎಂದು ಕೈ ತಾನಾಗಿ ಮುಂದೆ ಹೋಯಿತು. ಹಿಂದೆ ತೆಗೆದಳು. ಸ್ನಾನ ಮಾಡಿದಳು. ಗುರುತಿನ ಕಾರ್ಡು, ಪಾಸ್‌ಪೋರ್ಟು, ಪ್ರವೇಶಪತ್ರ ಚೀಲಕ್ಕೆ ಹಾಕಿದಳು. ಪುಸ್ತಕ ತೆರೆದು ಭುಜದ ಸ್ನಾಯುಗಳ ಅಧ್ಯಾಯವನ್ನು ಕೊನೆಯ ಸಲ ಓದಿದಳು; ಒಬ್ಬಳೇ ಕೂತು, ಒಂದು ಲೋಟ ಚಹಾದೊಂದಿಗೆ. ಮದುವೆಯಾದ ಮೇಲೆ ಅವಳು ಬಿಸಿಯಿರುವಾಗಲೇ ಕುಡಿದು ಮುಗಿಸಿದ ಮೊದಲ ಚಹಾ ಅದಿರಬೇಕು.

ಐದಕ್ಕೆ ಮೊಳೆಯಲ್ಲಿದ್ದ ಕಾರಿನ ಕೀ ತೆಗೆದುಕೊಂಡು ಹೊರಬಂದಳು. ಮೇಜಿನ ಮೇಲೆ ಒಂದು ಚೀಟಿ ಬಿಟ್ಟಿದ್ದಳು: ಪರೀಕ್ಷೆಗೆ ಹೋಗಿದ್ದೇನೆ. ಕೋಳಿ ಫ್ರಿಜ್ಜಿನಲ್ಲಿದೆ. ಟೋಪಿ ನೀವು ಇಟ್ಟಲ್ಲೇ ಇದೆ.

ಡಿಕ್ಕಿ ತೆರೆದಳು. ಹನ್ನೊಂದು ಬ್ಯಾಟುಗಳು ಸಾಲಾಗಿ ಮಲಗಿದ್ದವು, ರುಡೊಲ್ಫ್‌ನ ಅಚ್ಚುಕಟ್ಟುತನ ಇಡೀ ವಾರದಲ್ಲಿ ಕಾಣುವುದು ಇಲ್ಲೊಂದೇ ಕಡೆ. ಇಳಿಸಿ ಬಾಗಿಲಿನ ಪಕ್ಕದಲ್ಲಿ ಜೋಡಿಸಿಟ್ಟರೆ ಅವರು ಟ್ಯಾಕ್ಸಿ ಮಾಡಿ ಹೋಗಿ ಆಡಬಹುದು. ಇಪ್ಪತ್ತು ನಿಮಿಷದ ಕೆಲಸ. ಸಮಯವೂ ಇತ್ತು. ಒಂದು ಬ್ಯಾಟನ್ನು ಹೊರಗೆ ತೆಗೆದಳು, ಗೋಡೆಗೆ ಒರಗಿಸಿದಳು.

ಅಲ್ಲಿಗೆ ನಿಂತಳು. ಇದೂ ಕೆಲಸವೇ. ಬೆಳಗಾಗುವ ಮೊದಲು, ಇತರರು ಏಳುವುದರೊಳಗೆ, ಅವಳು ಮಾಡಬೇಕಾದ ಇನ್ನೊಂದು ಕೆಲಸ. ಇಲ್ಯಾಸ್ ಇವತ್ತೇ ಎಸೆಯಬೇಕೆಂದು ಎಲ್ಲೂ ಬರೆದಿಲ್ಲ. ಇನ್ನು ಟ್ರೆವರನ ಭುಜಕ್ಕೆ ಅವಳು ಡಿಸೆಂಬರಿನಲ್ಲೇ ವಿಶ್ರಾಂತಿ ಹೇಳಿದ್ದಳು, ವೃತ್ತಿಪರವಾಗಿ.

ಒರಗಿಸಿದ್ದ ಬ್ಯಾಟನ್ನು ಎತ್ತಿ ಮತ್ತೆ ಉಳಿದವುಗಳ ಜೊತೆ ಮಲಗಿಸಿದಳು. ಡಿಕ್ಕಿ ಮುಚ್ಚಿದಳು. ಒಳಗೆ ಕೂತು, ರುಡೊಲ್ಫ್‌ನ ಕಾಲಿನ ಅಳತೆಗಿದ್ದ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕಾರು ಶುರು ಮಾಡಿದಳು.