ಬೇಲಿಯಿಲ್ಲದ ತಿರುವು
ಓಣಿಯವರೆಲ್ಲ ರೇಸಪ್ಪ ಎಂದೇ ಕರೆಯುವ ಈ ಲಿಫ್ಟ್ ಮೆಕ್ಯಾನಿಕ್‌ನ ಮನೆಯಲ್ಲಿ ಊಟದ ಮೇಜಿಗೆ ಊಟದ ಯೋಗವಿಲ್ಲ. ಅದರ ತುಂಬ ಆಟದ ಕಾರುಗಳ ಟ್ರ್ಯಾಕು. ಕಾರಿನಡಿಯ ಪುಟ್ಟ ಗೂಟ ಟ್ರ್ಯಾಕಿನ ಸೀಳಿನಲ್ಲಿ ಕೂತರೆ ಕಾರು ಕರೆಂಟಿನಿಂದ ಓಡುತ್ತದೆ. ದಾರಿ ಮೇಜು ದಾಟಿ, ಹಲಗೆಯ ಸೇತುವೆ ಹಾದು, ಮಲಗುವ ಕೋಣೆಯಲ್ಲಿ ಹೆಂಡತಿಯ ಮಂಚದ ಪಕ್ಕ ತಿರುಗಿ ಮರಳುತ್ತದೆ. ಬೆರಳುದ್ದದ ಆ ಕಾರುಗಳನ್ನು ಆತ ಹಸುಗೂಸಿನಂತೆ ಸಾಕುತ್ತಾನೆ. ಚಕ್ರಕ್ಕೆ ಸುತ್ತಿದ ಕೂದಲನ್ನು ಚಿಮುಟದಿಂದ ತೆಗೆದು, ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸಿ, ಮೋಟಾರಿಗೆ ಕಿವಿಗೊಟ್ಟು, “ಇವನಿಗೆ ಸ್ವಲ್ಪ ಶೀತ ಆಗಿದೆ” ಎಂದು ಗಂಭೀರವಾಗಿ ಹೇಳುತ್ತಾನೆ. ಟ್ರ್ಯಾಕಿನ ಬಳಿ ಸೀನಿದವರೇ ಬಟ್ಟೆ ಹಿಡಿದು ಅಷ್ಟೂ ದಾರಿ ಒರೆಸಬೇಕು. ಅವನ ಕಾರು ಎಲ್ಲೂ ದಾರಿ ತಪ್ಪದು. ಮಂಚದ ಪಕ್ಕದ ತಿರುವಿನಲ್ಲಿ ಮಾತ್ರ ಪ್ರತಿ ಓಟದಲ್ಲೂ ಹಾರಿ ಹಾಸಿಗೆಗೆ ಬೀಳುತ್ತದೆ. “ಏನ್ ಭಾವ, ಇಷ್ಟೆಲ್ಲಾ ಗೊತ್ತಿರೋರು ಅಲ್ಲೊಂದು ಬೇಲಿ ಹಾಕ್ಬಾರ್ದಾ?” ಎಂದು ಆಟಕ್ಕೆ ಬಂದ ಬಾಮೈದ ಕೆಣಕುತ್ತಾನೆ. “ನೀನು ಸುಮ್ನಿರಪ್ಪ” ಎನ್ನುತ್ತ ರೇಸಪ್ಪ ಸರಿಯಾಗಿ ಅಲ್ಲಿಗೆ ಬಂದಾಗಲೇ ಕೈಯಲ್ಲಿನ ವೇಗದ ಗುಂಡಿಯನ್ನು ಇನ್ನಷ್ಟು ಒತ್ತುತ್ತಾನೆ. ಪಾರ್ಶ್ವವಾಯು ಬಡಿದ ಮೇಲೆ ಹೆಂಡತಿಯ ಬಲಗೈ ಚಮಚ ಹಿಡಿಯಲೂ ಒಲ್ಲೆನ್ನುತ್ತಿತ್ತು. ಹಿಚುಕಲು ವೈದ್ಯರು ಕೊಟ್ಟ ಚೆಂಡನ್ನು ಆಕೆ ಎಡಗೈಯಿಂದ ಗೋಡೆಗೆಸೆದಿದ್ದಳು. ಬಿದ್ದ ಕಾರನ್ನು ಮಾತ್ರ ಬಲಗೈಯಿಂದಲೇ ಎತ್ತುತ್ತಾಳೆ. ಗೂಟವನ್ನು ಸೀಳಿಗೆ ಕೂರಿಸಲು ಮೊದಮೊದಲು ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಆತ ಆಚೆ ಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ, ಒಮ್ಮೆಯೂ ಸಹಾಯಕ್ಕೆ ಹೋಗಲಿಲ್ಲ. ಈಗ ಆತ ಹತ್ತು ಎಣಿಸುವುದರೊಳಗೆ ಒಳಗಿನಿಂದ ದನಿ ಬರುತ್ತದೆ: “ಕೂರ್ಸಿದೀನಿ, ಬಿಡಿ. ಇಷ್ಟು ವರ್ಷ ಆಯ್ತು, ಒಂದು ತಿರುವು ದಾಟ್ಸೋಕೆ ಬರಲ್ವಲ್ಲಾ ನಿಮಗೆ!”