ಇದ್ದಿಲ ಗೂಡು ಒಡೆದ ಚೌಡಯ್ಯ

ನಾಗಮಂಗಲಕ್ಕೂ ಬೆಳ್ಳೂರಿಗೂ ನಡುವೆ, ಗುಡ್ಡಗಳ ಸಂದಿಯಲ್ಲಿದ್ದ ಸಣ್ಣ ಊರಿಗೆ ಚೌಡಯ್ಯ ಒಬ್ಬನೇ ಕಮ್ಮಾರ. ಬಾಯಿ ಜೋರು, ಕೈ ಇನ್ನೂ ಜೋರು. ಅವನ ಕುಲುಮೆಗೆ ಬೇಕಾದ ಇದ್ದಿಲು ಮಾತ್ರ ಹೊರಗಿನಿಂದಲೇ ಬರಬೇಕು. ಗುಡ್ಡದಾಚೆಯವರು ವರ್ಷಕ್ಕೊಮ್ಮೆ ಸುಟ್ಟು, ಕತ್ತೆಗಳ ಮೇಲೆ ಹೇರಿಕೊಂಡು ಬರುತ್ತಿದ್ದರು. ಬರದೆ ಹೋದರೆ ಏನು ಗತಿ ಎಂದು ಒಬ್ಬರೂ ಕೇಳಿರಲಿಲ್ಲ. ನಮ್ಮ ಜನವೇ ಹಾಗೆ, ಬಾಯಾರಿದಾಗ ಬಾವಿ ತೋಡುವವರು.

ಇಂಗ್ಲಿಷರ ದಂಡು ಮೊದಲ ಸಲ ಶ್ರೀರಂಗಪಟ್ಟಣದ ಮೇಲೆ ಏರಿಬಂದ ಬೇಸಿಗೆ ಅದು. ದಾರಿಗಳು ಮುಚ್ಚಿದವು, ಕತ್ತೆಗಳು ಬರಲಿಲ್ಲ. ರೋಹಿಣಿ ಮಳೆ ಬೀಳುವುದರೊಳಗೆ ಊರಿನ ಸವೆದ ನೇಗಿಲ ಗುಳಗಳನ್ನೆಲ್ಲ ಕಾಯಿಸಿ, ಬಡಿದು, ಚೂಪು ಮಾಡಬೇಕು. ಇಲ್ಲದಿದ್ದರೆ ಉಳುಮೆಯಿಲ್ಲ, ರಾಗಿಯಿಲ್ಲ. ಬರೀ ಸೌದೆಯ ಉರಿಗೆ ಕಬ್ಬಿಣ ಬಗ್ಗದು.

"ನಾವೇ ಸುಟ್ಕಳಾವ," ಎಂದ ಚೌಡಯ್ಯ.

ಊರವರು ಸುತ್ತಲಿನ ಒಣ ಜಾಲಿ, ಕಗ್ಗಲಿಯನ್ನೆಲ್ಲ ಕಡಿದು ತಂದರು. ಗುಡ್ಡೆ ಒಟ್ಟಿ, ಹುಲ್ಲು ಹಾಸಿ, ಮಣ್ಣು ಮೆತ್ತಿ ಒಳಗೆ ಬೆಂಕಿಯಿಟ್ಟರು. ಹನ್ನೊಂದು ದಿನ ಹೊಗೆಯಾಡಿ ನಿಂತಿತು. ಇನ್ನು ನಾಲ್ಕು ದಿನ ಮುಟ್ಟದೆ ಆರಲು ಬಿಡಬೇಕಿತ್ತು.

ಎರಡನೆಯ ದಿನ ಒಕ್ಕಲಿಗರ ಕುಳ್ಳಯ್ಯ ಏದುಸಿರು ಬಿಡುತ್ತ ಬಂದ. "ಆಚಾರ್ರೇ, ದಂಡು ಇತ್ತಾಗೇ ಬತ್ತಾ ಐತಂತೆ! ಇದ್ದಿಲು ಕಂಡ್ರೆ ಬುಟ್ಟಾರಾ? ಬಿರ್ನೆ ತೆಗ್ದು ಮುಚ್ಚಿಟ್‌ಬುಡಿ!"

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಎಲ್ಲರೂ ನಂಬಿದರು. ರಾಗಿ ತುಂಬಿಡುವ ನೆಲದಡಿಯ ಹಗೇವು ಖಾಲಿ ಬಿದ್ದಿತ್ತು, ಅದಕ್ಕೆ ಇದ್ದಿಲು ಸುರಿದು, ಮೇಲೆ ಮಣ್ಣು ಮುಚ್ಚುವುದೆಂದಾಯಿತು. ಚೌಡಯ್ಯನ ಹೆಂಡತಿ ಮಂಗಳಮ್ಮ ಗೂಡಿನ ಮೇಲೆ ಅಂಗೈಯಿಟ್ಟು ನೋಡಿದಳು.

"ಇನ್ನಾ ಬಿಸಿ ಐತೆ. ಈಗ್ಲೇ ತಗೀಬ್ಯಾಡಿ."

"ನಲವತ್ತು ವರ್ಸ ಬೆಂಕಿ ಜತೆ ಬಾಳಿವ್ನಿ. ನಂಗೇ ಹೇಳ್ಕೊಡ್ತೀಯಾ?"

ಬೆಂಕಿಗೆ ಗಾಳಿ ಊದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ನಿಜ. ಬೆಂಕಿಗೆ ಗಾಳಿ ತಪ್ಪಿಸುವುದು ಬೇರೆಯೇ ಕಸುಬು. ಅದನ್ನು ಅವನು ಹಿಂದೆಂದೂ ಮಾಡಿದವನಲ್ಲ.

ಗುದ್ದಲಿ ಮಣ್ಣು ಸೀಳಿತು. ಕರ್ರಗೆ ಮಿರುಗುವ ಇದ್ದಿಲು ಕಂಡು ಎಲ್ಲರೂ ಹಿಗ್ಗಿದರು. ಅಷ್ಟರಲ್ಲಿ ಗಾಳಿ ಬೀಸಿತು. ಕಪ್ಪಗಿದ್ದದ್ದು ಕೆಂಪಗಾಯಿತು. ಮಣ್ಣೆರಚಿದರು, ಗಡಿಗೆಗಳಲ್ಲಿ ನೀರು ಹೊತ್ತರು, ಕೆರೆ ದೂರ. ಸಂಜೆಯ ಹೊತ್ತಿಗೆ ಉಳಿದದ್ದು ಬೂದಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚೌಡಯ್ಯನನ್ನು ನೆನೆದರೆ ನನಗೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ಕೆನ್ನುತ್ತದೆ.

ದಂಡು ಇತ್ತ ಬರಲೇ ಇಲ್ಲ. ಬೇರೆ ದಾರಿ ಹಿಡಿದು ಹೋಯಿತು.

ಇನ್ನೊಂದು ಗೂಡು ಕಟ್ಟಲು ಒಣಸೌದೆ ಉಳಿದಿರಲಿಲ್ಲ. ಗೂಡು ಬೂದಿಯಾದ ಐದನೆಯ ದಿನ ಮಳೆಯೂ ಬಂತು, ವರ್ಷಗಟ್ಟಲೆ ಕಾದರೂ ಸಿಗದಂಥ ಹದವಾದ ಮಳೆ. ಊರಿನ ಗಂಡಸರೆಲ್ಲ ಕುಲುಮೆಯ ಮುಂದೆ ನೆರೆದರು. ಕುಳ್ಳಯ್ಯ ತನ್ನ ಮೊಂಡು ಗುಳ ಮುಂದಿಟ್ಟ.

"ಒಂದಾದ್ರೂ ತಟ್ಟಿಕೊಡಿ ಆಚಾರ್ರೇ."

"ಕೈ ಐತೆ, ಸುತ್ಗೆ ಐತೆ. ಕೆಂಡ ಎಲ್ಲಿಂದ ತರ್ಲಿ ಕಣ್ಲಾ?"

ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮ ಗುಳ ಎತ್ತಿಕೊಂಡು ಮಳೆಯಲ್ಲೇ ಹೊರಟುಹೋದರು. ಬೈದಿದ್ದರೆ ಚೌಡಯ್ಯ ತಿರುಗಿ ಬೈಯುತ್ತಿದ್ದ. ಅಷ್ಟಾದರೂ ಅವನ ಕೈಲಿ ಆಗುತ್ತಿತ್ತು.