ಭಾವ ಅಂಟಿಸಿದ ಚೀಟಿ

ಬೆಲೆ ಎಷ್ಟೇ ಇರಲಿ, ಅದನ್ನು ಕೇಳಿದ ಕೂಡಲೇ ನಮ್ಮ ಭಾವ ಮೂಗಿನಿಂದ ಒಂದು ಸದ್ದು ಹೊರಡಿಸುತ್ತಾರೆ. ಕೊತ್ತಂಬರಿ ಸೊಪ್ಪಿನವಳಿಗೂ ಅದೇ ಸದ್ದು, ಔಷಧಿ ಅಂಗಡಿಯವನಿಗೂ ಅದೇ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಇಳೀತದೆ ಕಣೋ, ತಡಿ" ಅನ್ನುತ್ತಾರೆ. ಮೈಸೂರಿನ ವ್ಯಾಪಾರಿಗಳೆಲ್ಲ ತಮ್ಮೊಬ್ಬರಿಗೆ ಟೋಪಿ ಹಾಕಲೆಂದೇ ಬೆಳಿಗ್ಗೆ ಎದ್ದು ಬಾಗಿಲು ತೆರೆಯುತ್ತಾರೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದಾರೆ. ಇಂಥವರಿಗೆ ಅಕ್ಕನನ್ನು ಕೊಟ್ಟರಲ್ಲ ಎಂದು ನನಗೆ ಸತ್ತುಹೋದ ಅಪ್ಪನ ಮೇಲೂ ಸಿಟ್ಟಿದೆ.

ಭಾವ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ನಿವೃತ್ತರಾದ ಮೇಲೆ ಕುಂಬಾರಕೊಪ್ಪಲಿನ ಮನೆಯೇ ಅವರ ಸ್ಟೋರ್ ಆಯಿತು. ಬೇಳೆ ಡಬ್ಬಿ, ಸ್ವಿಚ್ಚು, ಕೊನೆಗೆ ಪೊರಕೆಯ ಹಿಡಿಯ ಮೇಲೂ ಹಸಿರು ಶಾಯಿಯಲ್ಲಿ ಬರೆದ ಚೀಟಿ, ಪ್ರತಿ ಅಕ್ಷರದ ಕೊನೆಗೂ ಒಂದು ಕೊಕ್ಕೆ. ಪೊರಕೆಯ ಮೇಲೆ 'ಪೊರಕೆ' ಎಂದು ಬರೆದುಕೊಳ್ಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ದಿನ ಡಾಕ್ಟರು, ಇನ್ನು ಬಟ್ಟೆ ಹಿಂಡುವ ಹಾಗೇ ಇಲ್ಲ ಎಂದರು. ಭಾವ ವಾಷಿಂಗ್ ಮಿಶಿನ್ ತರಲು ಒಂದೇ ಮಾತಿಗೆ ಒಪ್ಪಿದರು. ನನಗೆ ಆಶ್ಚರ್ಯವಾಯಿತು. ರಾಜೀವನಗರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯನ್ನು ಮುಚ್ಚುತ್ತಿದ್ದಾರೆ, ಇದ್ದ ಮಾಲನ್ನೆಲ್ಲ ಸಿಕ್ಕಿದ ಬೆಲೆಗೆ ಮಾರುತ್ತಿದ್ದಾರೆ ಎಂದು ತಿಳಿದಾಗ ಆಶ್ಚರ್ಯ ಇಳಿಯಿತು.

ಭಾವನನ್ನು ಸ್ಕೂಟರಿನಲ್ಲಿ ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಗುಂಪನ್ನು ನೆನೆದರೆ ಈಗಲೂ ವಾಕರಿಕೆ ಬರುತ್ತದೆ. ಇಷ್ಟು ವರ್ಷ ಅದೇ ಅಂಗಡಿಯಲ್ಲಿ ಟಿವಿಗಳನ್ನು ಮುಟ್ಟಿ ನೋಡಿ, ಮನೆಗೆ ಹೋಗಿ ಮೊಬೈಲಿನಲ್ಲಿ ತರಿಸಿಕೊಂಡವರೇ ಈಗ ಮಾಲೀಕರಾದ ಅನ್ವರ್ ಸಾಹೇಬರ ಮುಂದೆ ನಿಂತು ಅಯ್ಯೋ ಪಾಪ ಎಂದು ಲೊಚಗುಟ್ಟುತ್ತಿದ್ದರು, ಅದೇ ಉಸಿರಿನಲ್ಲಿ ಇನ್ನೂ ಸ್ವಲ್ಪ ಇಳಿಸಿ ಎನ್ನುತ್ತಿದ್ದರು. ಒಬ್ಬಾತ ಸಾಹೇಬರು ಕುಳಿತಿದ್ದ ಕುರ್ಚಿಯ ಬೆಲೆ ಕೇಳಿದ. ಸಾಹೇಬರು ಎದ್ದು ನಿಂತು ಅದನ್ನೂ ಕೊಟ್ಟರು.

ಉಳಿದಿದ್ದ ವಾಷಿಂಗ್ ಮಿಶಿನ್ ಒಂದೇ. ಬೆಲೆ ಆಗಲೇ ಅರ್ಧಕ್ಕಿಂತ ಕೆಳಗಿತ್ತು. ಭಾವ ಮೂಗಿನ ಸದ್ದು ಹೊರಡಿಸಿದರು. ಕೊನೆಯ ದಿನ ಬಾಗಿಲು ಹಾಕುವ ಹೊತ್ತಿಗೆ ಅದು ಪುಕ್ಕಟೆಗೆ ಸಮನಾಗುತ್ತದೆ ಎಂಬುದು ಅವರ ಎಣಿಕೆ. ಅಷ್ಟರಲ್ಲಿ ಬೇರೆ ಯಾರಾದರೂ ಕೊಂಡರೆ ಎಂದು ನಾನು ಕೇಳಿದೆ. ಅದಕ್ಕೂ ಉಪಾಯ ಮಾಡಿಕೊಂಡೇ ಬಂದಿದ್ದರು. ದುಡ್ಡು ಕಟ್ಟಿ ಹೋದವರ ಮಾಲಿನ ಮೇಲೆ ಅಲ್ಲಿ 'ಮಾರಾಟವಾಗಿದೆ' ಎಂದು ಚೀಟಿ ಅಂಟಿಸುತ್ತಿದ್ದರು. ಭಾವ ಅಂಥದೇ ಒಂದನ್ನು ಮನೆಯಲ್ಲೇ ಬರೆದು ತಂದಿದ್ದರು. ಯಾರೂ ನೋಡದಾಗ ಜೇಬಿನಿಂದ ತೆಗೆದು ಮಿಶಿನ್ನಿನ ಮುಚ್ಚಳಕ್ಕೆ ಅಂಟಿಸಿದರು. ನಾನು ನಕ್ಕೆ. ಆ ನಗುವಿಗಾಗಿ ನನ್ನ ಮೇಲೂ ನನಗೆ ಹೇಸಿಗೆಯಿದೆ.

ಮುಂದಿನ ಮೂರು ವಾರ ಅಕ್ಕ ಎಡಗೈಯಲ್ಲೇ ಬಟ್ಟೆ ಉಜ್ಜಿದಳು. ಹಿಂಡಲಾಗದೆ ಸೀರೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ ತಿರುಚುತ್ತಿದ್ದಳು. ಕೇಳಿದಾಗಲೆಲ್ಲ ಭಾವ, ಮಿಶಿನ್ ಇನ್ನೂ ಅಂಗಡಿಗೆ ಬಂದಿಲ್ಲ, ಬಂದ ಕೂಡಲೇ ತರುತ್ತೇನೆ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅಕ್ಕ ಮಾಡಿಕೊಟ್ಟ ಕಾಫಿ ಕುಡಿಯುತ್ತಿದ್ದೆ, ಬಾಯಿ ಬಿಡಲಿಲ್ಲ.

ಕೊನೆಯ ದಿನ ಭಾವ ಗತ್ತಿನಿಂದ ಅಕ್ಕನನ್ನೂ ಆಟೋದಲ್ಲಿ ಕರೆತಂದರು. ಖಾಲಿ ಅಂಗಡಿಯಲ್ಲಿ ಆ ಮಿಶಿನ್ ಒಂದೇ ನಿಂತಿತ್ತು. ಭಾವ ಬೆಲೆ ಕೇಳಿದರು. ಅನ್ವರ್ ಸಾಹೇಬರು ತಲೆಯಾಡಿಸಿದರು.

"ಯಾರೋ ದುಡ್ಡು ಕಟ್ಟಿ ಹೋಗವ್ರೆ ಸಾರ್. ನನ್ನ ಪುಸ್ತಕದಲ್ಲಿ ಹೆಸರು ಸಿಗ್ತಿಲ್ಲ. ಕೇಳ್ಕೊಂಡು ಬಂದೋರ ನಂಬರ್ ಬರ್ಕೊಂಡು ವಾಪಸ್ ಕಳಿಸಿದೀನಿ. ಅವರು ಬರೋವರ್ಗೂ ಇದನ್ನ ಮನೇಲಿ ಇಟ್ಕೊಂಡಿರ್ತೀನಿ."

ಭಾವ ನಿಜ ಹೇಳಿದರೆ ಮಿಶಿನ್ ಸಿಗುತ್ತಿತ್ತು, ಆದರೆ ಪಕ್ಕದಲ್ಲಿ ಅಕ್ಕ ಇದ್ದಳು. ಅವಳು ಬಗ್ಗಿ ಚೀಟಿಯನ್ನೇ ನೋಡುತ್ತಿದ್ದಳು. ಹಸಿರು ಶಾಯಿ, ಅಕ್ಷರಕ್ಕೊಂದು ಕೊಕ್ಕೆ. ವರ್ಷಗಟ್ಟಲೆ ಅದೇ ಅಕ್ಷರ ನೋಡಿ ಬೇಳೆ ತೆಗೆದು ಬೇಯಿಸಿದವಳು.

"ಇದನ್ನ ಯಾವತ್ತು ಅಂಟ್ಸಿದ್ರಿ?" ಎಂದು ಭಾವನನ್ನು ಕೇಳಿದಳು. ಅವರು ಬಾಗಿಲ ಕಡೆ ತಿರುಗಿದರು. ಅಕ್ಕ ನನ್ನನ್ನು ನೋಡಿದಳು.

"ಮೂರು ವಾರ ಆಯ್ತು ಕಣಕ್ಕ," ಎಂದೆ.

ಸಾಹೇಬರಿಗೆ ಅರ್ಥವಾಯಿತು. ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಅಕ್ಕನ ಊದಿದ ಮಣಿಕಟ್ಟು ನೋಡಿ, ನೀವು ಹೇಳಿದ ಬೆಲೆಗೇ ಕೊಡುತ್ತೇನೆ, ತೆಗೆದುಕೊಂಡು ಹೋಗಿ ತಾಯಿ ಎಂದರು. ಅಕ್ಕ ಚೀಟಿಯನ್ನು ಹರಿಯದ ಹಾಗೆ ಬಿಡಿಸಿ ಭಾವನ ಜೇಬಿಗೆ ಹಾಕಿದಳು.

"ಬೇಡ ಬುಡಿ. ನೀವು ವಾಪಸ್ ಕಳಿಸಿದ್ರಲ್ಲ, ಅವರಿಗೆ ಫೋನ್ ಮಾಡಿ ಕೊಡಿ. ನಮ್ಮನೇಲಿ ಒಗೆಯೋಕೆ ಇವ್ರು ಅವ್ರೆ."

ಭಾವನನ್ನು ನಾನು ಕೊನೆಯ ಸಲ ನೋಡಿದ್ದು ಕಳೆದ ಭಾನುವಾರ. ಹಿತ್ತಲಲ್ಲಿ ಪಂಚೆ ಎತ್ತಿಕಟ್ಟಿ, ಒದ್ದೆ ಬೆಡ್‌ಶೀಟಿನ ಜೊತೆ ಒದ್ದಾಡುತ್ತಿದ್ದರು. ಇನ್ನೊಂದು ಅಂಗಡಿಯನ್ನೂ ಮುಚ್ಚುತ್ತಾರಂತೆ, ಹೋಗಿ ನೋಡೋಣವಾ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾಚಿಕೆಯಿಲ್ಲದ ಪ್ರಾಣಿ ಎಂದುಕೊಂಡು ಕಾಫಿಗಾಗಿ ಕಾಯುತ್ತ ನಿಂತೆ. ಅಕ್ಕ ಬಾಗಿಲಿಗೆ ಬಂದಳು. ಕೈಯಲ್ಲಿ ಲೋಟ ಇರಲಿಲ್ಲ.

"ನಿಂತ್ಕೊಂಡು ಏನೋ ನೋಡ್ತೀಯ," ಅಂದಳು. "ಆ ತುದಿ ನೀನು ಹಿಡ್ಕೊ."